ಟ್ರಸ್ಟ್, ಸಂಘ, ಸಂಸ್ಥೆ: ಕೋಲಾರ ಸೀಮೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಹೊಸದಾಗಿ ಸಂಸ್ಥೆ ಕಟ್ಟಲು ಹೊರಟವರು, ಇರುವುದನ್ನು ಕಷ್ಟಪಟ್ಟು ನಡೆಸುತ್ತಿರುವವರು, ಅಂಥವರಿಗೆ ದುಡ್ಡು ಕೊಡಬೇಕೆಂದಿರುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಆದಾಯ ತೆರಿಗೆ ಕಾಯ್ದೆ 2025 ಜಾರಿಗೆ ಬರುವ ದಿನ 2026ರ ಏಪ್ರಿಲ್ 1. ಅದರಲ್ಲಿ ಕಲಂ, ನಮೂನೆಗಳ ಸಂಖ್ಯೆ ಬೇರೆ. ಆಡಿಟರ್ ಕಚೇರಿಯಲ್ಲಿ ಇಂದಿಗೂ ‘12ಎ’, ‘80ಜಿ’ ಎಂದೇ ಕರೆಯುವುದರಿಂದ ನಾವೂ ಹಳೆಯ ಹೆಸರುಗಳನ್ನೇ ಬಳಸಿದ್ದೇವೆ. 12ಎ ಅಂದರೆ ಸಂಸ್ಥೆಗೆ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿ, 80ಜಿ ಅಂದರೆ ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ ನೋಂದಣಿ.

ಲಾಭರಹಿತ ಸಂಸ್ಥೆ ಅಂದರೆ ವರ್ಷದ ಕೊನೆಗೆ ದುಡ್ಡು ಉಳಿಯಲೇಬಾರದೇ?

ಉಳಿಯಬಹುದು, ಉಳಿಯಬೇಕು ಕೂಡ. ಉಳಿದದ್ದನ್ನು ಹಂಚಿಕೊಳ್ಳುವಂತಿಲ್ಲ, ಅಷ್ಟೇ. ಹಾಲು ಉತ್ಪಾದಕರ ಸಹಕಾರ ಸಂಘ ತನ್ನ ಲಾಭದಲ್ಲಿ ಸದಸ್ಯರಿಗೆ ಬೋನಸ್ ಕೊಡುತ್ತದೆ; ಅದು ಸಹಕಾರಿ, ಅದಕ್ಕೆ ಬೇರೆ ಕಾಯ್ದೆ. ಶಾಲೆ ನಡೆಸುವ ಟ್ರಸ್ಟ್‌ಗೆ ಮೂರು ಲಕ್ಷ ಉಳಿದರೆ ಅದು ಮತ್ತೆ ಶಾಲೆಗೇ ಹೋಗಬೇಕು. ತೆರಿಗೆ ವಿನಾಯಿತಿ ಬೇಕೆಂದರೆ ವರ್ಷದ ಆದಾಯದಲ್ಲಿ ಶೇ. 85ರಷ್ಟನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು, ಶೇ. 15 ಇಟ್ಟುಕೊಳ್ಳಬಹುದು. ಕಟ್ಟಡದಂಥ ದೊಡ್ಡ ಕೆಲಸಕ್ಕೆ ಕೂಡಿಡಬೇಕಾದರೆ ಉದ್ದೇಶ ಬರೆದು ಗಡುವಿನೊಳಗೆ ನಮೂನೆ 10 ಸಲ್ಲಿಸಿ ಐದು ವರ್ಷದವರೆಗೆ ಕೂಡಿಡಬಹುದು.

ಟ್ರಸ್ಟಿಯೋ ಅವರ ಮನೆಯವರೋ ನಿಜವಾಗಿ ಕೆಲಸ ಮಾಡುತ್ತಿದ್ದರೆ ಸಂಬಳ ಪಡೆಯಬಹುದು. ಅದು ಆ ಕೆಲಸಕ್ಕೆ ಹೊರಗೆ ಸಿಗುವಷ್ಟೇ ಇರಬೇಕು, ಠರಾವಿನಲ್ಲಿ ಬರೆದಿರಬೇಕು, ಆ ಠರಾವು ಪಾಸಾಗುವ ಸಭೆಯಲ್ಲಿ ಅವರು ಕೈ ಎತ್ತಬಾರದು. ಟ್ರಸ್ಟಿಯ ಸ್ವಂತ ಕಟ್ಟಡಕ್ಕೆ ಊರಿನ ದರಕ್ಕಿಂತ ಹೆಚ್ಚು ಬಾಡಿಗೆ ಕೊಟ್ಟು ವಿನಾಯಿತಿಗೆ ಕುತ್ತು ತಂದುಕೊಳ್ಳುವುದು ಬಹಳ ಕಡೆ ಆಗುವ ಎಡವಟ್ಟು.

ಈ ಕ್ಷೇತ್ರ ನಿಜಕ್ಕೂ ಯಾವುದರ ಮೇಲೆ ಓಡುತ್ತದೆ? ಸೇವಾ ಮನೋಭಾವವೇ?

ಸೇವಾ ಮನೋಭಾವ ಇಲ್ಲದೆ ಯಾರೂ ಈ ಕೆಲಸಕ್ಕೆ ಬರುವುದಿಲ್ಲ. ಆದರೆ ಬಂದ ಮೇಲೆ ಸಂಸ್ಥೆ ಯಾವ ಕಡೆಗೆ ವಾಲುತ್ತದೆ ಎಂಬುದನ್ನು ತೀರ್ಮಾನಿಸುವುದು ಬೇರೊಂದು ಸಂಗತಿ: ದುಡ್ಡು ಕೊಡುವವರು ಒಬ್ಬರು, ಪ್ರಯೋಜನ ಪಡೆಯುವವರು ಇನ್ನೊಬ್ಬರು. ಅಂಗಡಿಯಲ್ಲಿ ಬೇಳೆ ಹುಳ ಹಿಡಿದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಅಂಗಡಿಯವನಿಗೆ ಅಂದೇ ಗೊತ್ತಾಗುತ್ತದೆ. ಇಲ್ಲಿ ದುಡ್ಡು ಕೊಡುವವರು ಬೆಂಗಳೂರಿನಲ್ಲಿದ್ದಾರೆ, ಕೆಲಸ ನಡೆಯುವುದು ಬಾಗೇಪಲ್ಲಿಯ ಹಳ್ಳಿಯಲ್ಲಿ. ಹಳ್ಳಿಯವರಿಗೆ ಕೆಲಸ ಹಿಡಿಸದಿದ್ದರೂ ದುಡ್ಡು ನಿಲ್ಲಿಸುವ ಶಕ್ತಿ ಅವರಿಗಿಲ್ಲ. ಹಾಗಾಗಿ ಸಂಸ್ಥೆ ತನಗೆ ಗೊತ್ತಾಗದಂತೆಯೇ ಕೊಡುವವರ ಕಡೆಗೆ ವಾಲುತ್ತದೆ. ಈ ಕ್ಷೇತ್ರದ ಒಳ್ಳೆಯದು, ಕೆಟ್ಟದು ಎರಡೂ ಹೆಚ್ಚಾಗಿ ಇಲ್ಲಿಂದಲೇ ಹುಟ್ಟುತ್ತವೆ.

ನಮ್ಮ ಸೀಮೆಯ ಕೆರೆ ಕೆಲಸವನ್ನೇ ನೋಡಿ. ಇಲ್ಲಿನ ಕೆರೆಗಳು ಮಳೆಯನ್ನು ನಂಬಿದ ಸರಪಳಿ ಕೆರೆಗಳು. ಮೇಲಿನ ಕೆರೆ ಕೋಡಿ ಹರಿದರೆ ಕೆಳಗಿನದಕ್ಕೆ ನೀರು. ಕೆರೆ ಬತ್ತಲು ಹೂಳೊಂದೇ ಕಾರಣವಲ್ಲ; ಪೋಷಕ ಕಾಲುವೆ ಒತ್ತುವರಿಯಾಗಿರುತ್ತದೆ, ತೂಬು ಕೆಟ್ಟಿರುತ್ತದೆ, ಕೋಡಿ ಒಡೆದಿರುತ್ತದೆ, ನೀರು ಹಂಚುವ ನೀರುಗಂಟಿ ಪದ್ಧತಿ ಬಿಟ್ಟುಹೋಗಿರುತ್ತದೆ. ದಾನಿ ಕಂಪನಿಗೆ ಕಾಣುವುದು ಹೂಳು. ಜೆಸಿಬಿ ನಿಂತ ಫೋಟೊ ತೆಗೆಯಬಹುದು, ಎಷ್ಟು ಘನ ಮೀಟರ್ ಎತ್ತಿದೆವು ಎಂದು ವರದಿಗೆ ಬರೆಯಬಹುದು. ಕಾಲುವೆ ಬಿಡಿಸುವ ಕೆಲಸಕ್ಕೆ ಸರ್ವೆಗೆ ಅರ್ಜಿ, ಪಂಚಾಯಿತಿ ಠರಾವು, ಪಕ್ಕದ ಹೊಲದವರ ಮನೆಬಾಗಿಲಿಗೆ ಹತ್ತಾರು ಸಲ ಅಲೆದಾಟ ಬೇಕು. ಬಜೆಟ್ಟಿನಲ್ಲಿ ಅದಕ್ಕೊಂದು ಸಾಲೇ ಇರುವುದಿಲ್ಲ. ಹೂಳು ತೆಗೆದ ಕೆರೆ ಮುಂದಿನ ಮುಂಗಾರಿನಲ್ಲೂ ಖಾಲಿಯೇ ಉಳಿಯುತ್ತದೆ, ವರದಿಯಲ್ಲಿ ಮಾತ್ರ ಯೋಜನೆ ಗೆದ್ದಿರುತ್ತದೆ.

ಸರಿಯಾದ ಕ್ರಮ ಹೀಗೆ. ಮೊದಲು ಕೆರೆ ಯಾರ ಸುಪರ್ದಿಯಲ್ಲಿದೆ ನೋಡಿ: ಅಚ್ಚುಕಟ್ಟು (ಕೆರೆ ನೀರು ಹರಿಯುವ ಜಮೀನು) 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಪಂಚಾಯತ್ ರಾಜ್ ಸಂಸ್ಥೆಗಳದ್ದು, ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಯದ್ದು. ಲಿಖಿತ ಅನುಮತಿ ಇಲ್ಲದೆ ಒಂದು ಬುಟ್ಟಿ ಮಣ್ಣನ್ನೂ ಎತ್ತಬೇಡಿ. ಆಮೇಲೆ ಸರ್ವೆ, ಕಾಲುವೆ, ತೂಬು, ಕೋಡಿ. ಹೂಳು ಕೊನೆಗೆ. ಯಂತ್ರದ ಬಾಡಿಗೆ ಸಂಸ್ಥೆಯದು, ಟ್ರ್ಯಾಕ್ಟರಿನ ಖರ್ಚು ಗೋಡು (ಕೆರೆಯ ಹೂಳುಮಣ್ಣು) ಒಯ್ಯುವ ರೈತರದು ಎಂದು ಮೊದಲೇ ಮಾತಾಗಲಿ. ಸ್ವಂತ ದುಡ್ಡು ಹಾಕುವ ರೈತ ಒಳ್ಳೆಯ ಗೋಡು ಇರುವ ಕಡೆಯೇ ಅಗೆಸುತ್ತಾನೆ, ಕೆಲಸವನ್ನೂ ಕಾಯುತ್ತಾನೆ. ಏರಿಯ ಬುಡಕ್ಕೆ ತಾಗಿ ಅಗೆಯಲು ಬಿಡಬೇಡಿ.

ಹಾಗಾದರೆ ಪ್ರಯೋಜನ ಪಡೆಯುವವರ ಕೈಗೆ ಅಧಿಕಾರ ಕೊಡುವುದು ಹೇಗೆ?

ಭಾಷಣದಿಂದ ಆಗುವುದಿಲ್ಲ, ಲೆಕ್ಕದ ಪದ್ಧತಿಯಲ್ಲೇ ಸೇರಿಸಬೇಕು. ಕಂಟ್ರಾಕ್ಟರ್ ಬಿಲ್ಲಿಗೆ ಊರಿನ ಸಮಿತಿಯ ಸಹಿ ಇಲ್ಲದೆ ಚೆಕ್ ಬರೆಯಬಾರದು. ಕಾಮಗಾರಿಯ ಅಂದಾಜು, ಆದ ಖರ್ಚು ಕನ್ನಡದಲ್ಲಿ ಪಂಚಾಯಿತಿ ಕಚೇರಿಯ ಗೋಡೆಗೆ ಬರಬೇಕು. ಊರಿನ ವಂತಿಗೆ ಸಣ್ಣದಾದರೂ ಇರಲಿ. ವಿಶ್ವಬ್ಯಾಂಕ್ ನೆರವಿನಲ್ಲಿ 2002ರಲ್ಲಿ ಶುರುವಾದ ಜಲಸಂವರ್ಧನೆ ಯೋಜನೆ ಕೆರೆ ಬಳಕೆದಾರರ ಸಂಘ ಕಟ್ಟಿ ಅಚ್ಚುಕಟ್ಟುದಾರರಿಂದ ವಂತಿಗೆ ಕೇಳಿದ್ದೂ ಈ ಕಾರಣಕ್ಕೇ. ಬಾಗೇಪಲ್ಲಿಯಲ್ಲಿ ಅಡಾಟ್ಸ್ ಸಂಸ್ಥೆ 1970ರ ದಶಕದ ಕೊನೆಯಿಂದ ಕೂಲಿಕಾರರನ್ನು ‘ಕೂಲಿ ಸಂಘ’ವಾಗಿ ಸಂಘಟಿಸಿತು, ಮನೆಮನೆಯ ಗೋಬರ್ ಗ್ಯಾಸ್ ಘಟಕಗಳಿಗೆ ಇಂಗಾಲ ತಗ್ಗಿಸಿದ್ದಕ್ಕೆ ಸಿಗುವ ಕಾರ್ಬನ್ ಕ್ರೆಡಿಟ್ ಆದಾಯ ತರಲು ಮುಂದೆ ಸಾಧ್ಯವಾದದ್ದು ಅಂಥ ತಳಹದಿ ಮೊದಲೇ ಇದ್ದುದರಿಂದ ಎಂಬುದು ನಮ್ಮ ಅಭಿಪ್ರಾಯ. ಕೆಜಿಎಫ್ ಪಕ್ಕದ ಕಾಮಸಮುದ್ರದಲ್ಲಿ ಕೆಲಸ ಮಾಡಿದ ಮೈರಾಡ ಸಂಸ್ಥೆ 1980ರ ದಶಕದಲ್ಲಿ ಬೆಳೆಸಿದ ಸಣ್ಣ ಗುಂಪುಗಳ ಅನುಭವವೇ 1992ರಲ್ಲಿ ನಬಾರ್ಡ್ ಶುರುಮಾಡಿದ ಸ್ವಸಹಾಯ ಗುಂಪು–ಬ್ಯಾಂಕ್ ಜೋಡಣೆಗೆ ಮುಖ್ಯ ಆಧಾರಗಳಲ್ಲಿ ಒಂದಾಯಿತು. ತಮ್ಮ ಉಳಿತಾಯವನ್ನು ತಮ್ಮೊಳಗೇ ಸಾಲವಾಗಿ ಕೊಡುವ ಗುಂಪಿನಲ್ಲಿ ಕೊಡುವವರೂ ಪಡೆಯುವವರೂ ಒಬ್ಬರೇ ಆಗಿರುತ್ತಾರೆ, ಮೇಲೆ ಹೇಳಿದ ವಾಲುವಿಕೆ ಅಲ್ಲಿ ಕಡಿಮೆ.

ಟ್ರಸ್ಟೋ, ಸಂಘವೋ, ಸೆಕ್ಷನ್ 8 ಕಂಪನಿಯೋ?

ನಾಲ್ಕು ಜನ ನಂಬಿಕಸ್ತರು ಸೇರಿ ಹಾಸ್ಟೆಲ್ಲೋ ಆಸ್ಪತ್ರೆಯೋ ನಡೆಸುವುದಾದರೆ ಟ್ರಸ್ಟ್ ಸಾಕು. ಕರ್ನಾಟಕದಲ್ಲಿ ಮಹಾರಾಷ್ಟ್ರದಂತೆ ಸಾರ್ವಜನಿಕ ಟ್ರಸ್ಟುಗಳಿಗೆಂದೇ ಚಾರಿಟಿ ಕಮಿಷನರ್ ಇಲ್ಲ. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಸಮಯ ಪಡೆದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಡೀಡ್ (ಟ್ರಸ್ಟ್ ಪತ್ರ) ನೋಂದಾಯಿಸುವುದು. ಕಟ್ಟಲು ಸುಲಭ, ಆದರೆ ಟ್ರಸ್ಟಿಗಳೊಳಗೆ ಜಗಳವಾದರೆ ಬಿಡಿಸಲು ಕೋರ್ಟೇ ಗತಿ.

ಊರಿನವರು ಸದಸ್ಯರಾಗಿ, ಚುನಾವಣೆ ನಡೆದು, ಪದಾಧಿಕಾರಿಗಳು ಬದಲಾಗಬೇಕೆಂದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಸಂಘ. ಕನಿಷ್ಠ ಏಳು ಸದಸ್ಯರು. ನೋಂದಣಿ ಸಹಕಾರ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ. ಉಪನಿಬಂಧಕರೇ ಜಿಲ್ಲಾ ಸಂಘಗಳ ನೋಂದಣಾಧಿಕಾರಿ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಿ, ಆದ ಹದಿನಾಲ್ಕು ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ಅಲ್ಲಿಗೆ ಸಲ್ಲಿಸಬೇಕು. ಇದನ್ನು ಮರೆತು ಹಲವು ವರ್ಷದ ಬಾಕಿ ಒಟ್ಟಿಗೆ ಹೊತ್ತು ಓಡಾಡುವ ಸಂಘಗಳು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತವೆ. ಬ್ಯಾಂಕ್ ಖಾತೆಯ ಸಹಿ ಬದಲಿಸಬೇಕಾದಾಗ ಮಾತ್ರ ಅವರಿಗೆ ಅದರ ಬಿಸಿ ತಟ್ಟುತ್ತದೆ.

ಕಂಪನಿಗಳಿಂದ ದೊಡ್ಡ ಮೊತ್ತ ತರುವ ಯೋಚನೆಯಿದ್ದರೆ ಸೆಕ್ಷನ್ 8 ಕಂಪನಿ, ಅಂದರೆ ಕಂಪನಿ ಕಾಯ್ದೆಯಡಿಯ ಲಾಭರಹಿತ ಕಂಪನಿ. ಕನಿಷ್ಠ ಇಬ್ಬರು ನಿರ್ದೇಶಕರು ಸಾಕು, ಆದರೆ ಪ್ರತಿವರ್ಷ ಕಂಪನಿ ರಿಜಿಸ್ಟ್ರಾರರಿಗೆ ಲೆಕ್ಕ, ರಿಟರ್ನ್ ಸಲ್ಲಿಸಬೇಕು. ಆಡಿಟರ್, ಕಂಪನಿ ಸೆಕ್ರೆಟರಿ ಶುಲ್ಕ ಕೊಡುವಷ್ಟು ಆದಾಯವಿಲ್ಲದ ಸಣ್ಣ ಗುಂಪಿಗೆ ಇದನ್ನು ನಾವು ಸೂಚಿಸುವುದಿಲ್ಲ.

ಡೀಡಿನಲ್ಲಿ ಯಾವುದು ಇರಲೇಬೇಕು?

ಟೈಪಿಂಗ್ ಅಂಗಡಿಯಲ್ಲಿ ಸಿಗುವ ಹಳೆ ನಕಲಿಗೆ ಹೆಸರು ಮಾತ್ರ ಬದಲಿಸಿ ನೋಂದಾಯಿಸಬೇಡಿ. ಟ್ರಸ್ಟ್ ರದ್ದುಪಡಿಸಲಾಗದ್ದು ಎಂಬ ಮಾತು, ಮುಚ್ಚಿದರೆ ಆಸ್ತಿ ಇಂಥದೇ ಉದ್ದೇಶದ ಇನ್ನೊಂದು ನೋಂದಾಯಿತ ಸಂಸ್ಥೆಗೆ ಹೋಗತಕ್ಕದ್ದೆಂಬ ಷರತ್ತು, ಆದಾಯ ಟ್ರಸ್ಟಿಗಳಿಗೆ ಹಂಚುವಂತಿಲ್ಲವೆಂಬ ಷರತ್ತು — ಇವಿಲ್ಲದಿದ್ದರೆ ತೆರಿಗೆ ನೋಂದಣಿಯಲ್ಲಿ ಪ್ರಶ್ನೆ ಬರುತ್ತದೆ. ಬ್ಯಾಂಕ್ ಖಾತೆಗೆ ಇಬ್ಬರ ಜಂಟಿ ಸಹಿ, ಅವರಿಬ್ಬರು ಒಂದೇ ಮನೆಯವರಲ್ಲ ಎಂದೂ ಬರೆಯಿರಿ. ಟ್ರಸ್ಟಿ ತೀರಿಕೊಂಡರೆ, ರಾಜೀನಾಮೆ ಕೊಟ್ಟರೆ, ಸಭೆಗೆ ಬಾರದಿದ್ದರೆ ಏನು ಎಂಬುದು ಸ್ಪಷ್ಟವಿರಲಿ. ತಿದ್ದುಪಡಿಯ ಷರತ್ತು ಇಲ್ಲದ ಡೀಡನ್ನು ತಿದ್ದಲು ಕೋರ್ಟಿಗೆ ಹೋಗಬೇಕಾಗಬಹುದು.

ನಮ್ಮ ಜನಾಂಗದ ಮಕ್ಕಳಿಗೆಂದೇ ಹಾಸ್ಟೆಲ್ ನಡೆಸಬಹುದೇ?

ನಡೆಸಲು ಅಡ್ಡಿಯಿಲ್ಲ, ಆದರೆ ತೆರಿಗೆ ವಿನಾಯಿತಿಗೆ ತೊಡಕು. ಒಂದು ನಿರ್ದಿಷ್ಟ ಧರ್ಮ ಅಥವಾ ಜಾತಿಯ ಪ್ರಯೋಜನಕ್ಕೆಂದೇ ಕಟ್ಟಿದ ಧರ್ಮದತ್ತಿ ಟ್ರಸ್ಟ್‌ಗೆ ವಿನಾಯಿತಿ ಇಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆ ಮತ್ತು ಮಕ್ಕಳ ಹಿತಕ್ಕೆ ಕಟ್ಟಿದ್ದಕ್ಕೆ ಈ ತಡೆ ಅನ್ವಯಿಸುವುದಿಲ್ಲ. ನಮ್ಮ ನೆರೆಯ ತುಮಕೂರಿನ ಸಿದ್ಧಗಂಗೆಯಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಸಾಲಿನಲ್ಲಿ ದಾಸೋಹದ ಊಟಕ್ಕೆ ಕೂರುತ್ತಾರೆ. ಎಲ್ಲರಿಗೂ ಬಾಗಿಲು ತೆರೆದ ಹಾಸ್ಟೆಲ್ಲಿಗೆ ದಾನ ತಾನಾಗಿ ಹರಿದುಬರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನೋಂದಣಿಯಾಯಿತು. ಮುಂದೆ?

ಪ್ಯಾನ್, ಬ್ಯಾಂಕ್ ಖಾತೆ, ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲಿ ಗುರುತಿನ ಸಂಖ್ಯೆ. ಆಮೇಲೆ 12ಎ, 80ಜಿ. ಹೊಸ ಸಂಸ್ಥೆಗೆ ಮೊದಲು ಮೂರು ವರ್ಷದ ತಾತ್ಕಾಲಿಕ ನೋಂದಣಿ. ಕೆಲಸ ಶುರುವಾದ ಆರು ತಿಂಗಳೊಳಗೆ ಅಥವಾ ಅವಧಿ ಮುಗಿಯುವ ಆರು ತಿಂಗಳ ಮೊದಲು, ಯಾವುದು ಮುಂಚೆಯೋ ಆಗ, ಪೂರ್ಣ ನೋಂದಣಿಗೆ ಅರ್ಜಿ. ಅದು ಐದು ವರ್ಷಕ್ಕೆ. ಹಿಂದಿನ ಎರಡು ವರ್ಷಗಳಲ್ಲಿ ಆದಾಯ ತಲಾ ಐದು ಕೋಟಿ ಮೀರದ ಸಂಸ್ಥೆಗಳಿಗೆ 12ಎ ಅವಧಿಯನ್ನು 2025ರಲ್ಲಿ ಹತ್ತು ವರ್ಷಕ್ಕೆ ಏರಿಸಿದರು.

ತಾತ್ಕಾಲಿಕ ಪತ್ರ ಕೈಗೆ ಬಂದೊಡನೆ ‘ಆಯಿತು’ ಎಂದು ಕೂರುವುದು ಅತಿ ದುಬಾರಿ ತಪ್ಪು. ಗಡುವು ದಾಟಿದರೆ ಸಂಸ್ಥೆಯ ಆಸ್ತಿಯ ಮಾರುಕಟ್ಟೆ ಬೆಲೆಯಲ್ಲಿ ಸಾಲ ಕಳೆದು ಉಳಿದದ್ದರ ಮೇಲೆ ಗರಿಷ್ಠ ದರದ ತೆರಿಗೆ ಬೀಳಬಹುದು. ಹೆದ್ದಾರಿ ಪಕ್ಕದಲ್ಲಿ ಎಂದೋ ದಾನ ಬಂದ ಎರಡೆಕರೆ ಇರುವ ಸಂಸ್ಥೆಗೆ ಇದು ಉಳಿವಿನ ಪ್ರಶ್ನೆ.

ನರಸಾಪುರ, ವೇಮಗಲ್, ಮಾಲೂರಿನಲ್ಲಿ ಇಷ್ಟು ಕಂಪನಿಗಳಿವೆ. ಸಿಎಸ್‌ಆರ್ ದುಡ್ಡು ನಮಗೇಕೆ ಸಿಗುವುದಿಲ್ಲ?

ಸಿಎಸ್‌ಆರ್ ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ದುಡ್ಡು. ಎಲ್ಲ ಕಂಪನಿಗೂ ಅದು ಕಡ್ಡಾಯವಲ್ಲ. ಹಿಂದಿನ ವರ್ಷ ನಿವ್ವಳ ಮೌಲ್ಯ 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ಮುಟ್ಟಿದವು ಮಾತ್ರ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಖರ್ಚು ಮಾಡಬೇಕು. ತಾನಿರುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಆ ಮಾತನ್ನು ನಿಮ್ಮ ಪತ್ರದಲ್ಲಿ ಬಳಸಿಕೊಳ್ಳಿ. ಆದರೆ ತೀರ್ಮಾನವಾಗುವುದು ಕಾರ್ಖಾನೆಯಲ್ಲಿ ಅಲ್ಲ, ಹೆಚ್ಚಾಗಿ ಬೆಂಗಳೂರು, ಗುರುಗ್ರಾಮದ ಮುಖ್ಯ ಕಚೇರಿಯಲ್ಲಿ. ಎಚ್‌ಆರ್ ಮ್ಯಾನೇಜರ್ ಸೌಜನ್ಯದಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, ಅಲ್ಲಿಗೆ ನಿಲ್ಲುತ್ತದೆ. ಸಿಎಸ್‌ಆರ್ ನೋಡಿಕೊಳ್ಳುವವರ ಹೆಸರು ಕೇಳಿ ಪಡೆಯಿರಿ.

ನಿಮ್ಮ ಬಳಿ 12ಎ, 80ಜಿ, ಸಿಎಸ್‌ಆರ್-1 ನೋಂದಣಿ ಸಂಖ್ಯೆ (ಈ ದುಡ್ಡು ಪಡೆಯಲು ಬೇಕಾದದ್ದು), ಮೂರು ವರ್ಷದ ಕೆಲಸದ ದಾಖಲೆ ಇರಬೇಕು. ಅರ್ಜಿ ಏಪ್ರಿಲ್–ಜೂನ್ ನಡುವೆ ಹೋಗಲಿ, ವರ್ಷದ ಬಜೆಟ್ ಆಗಷ್ಟೇ ಹಂಚಿಕೆಯಾಗುತ್ತಿರುತ್ತದೆ. ಫೆಬ್ರವರಿ–ಮಾರ್ಚಿನಲ್ಲಿ ಬರುವ ಕರೆಯ ಬಗ್ಗೆ ಎಚ್ಚರ. ಖರ್ಚಾಗದ ದುಡ್ಡನ್ನು ಕಂಪನಿ ಪ್ರತ್ಯೇಕ ಖಾತೆಗೋ ಸರ್ಕಾರದ ನಿಧಿಗೋ ಹಾಕಬೇಕಾದ್ದರಿಂದ ತಿಂಗಳೊಳಗೆ ಮುಗಿಯುವ ಕೆಲಸ ಕೇಳುತ್ತಾರೆ. ಶುದ್ಧ ನೀರಿನ ಘಟಕಗಳು ಹೀಗೆ ಬಂದು ನಿಲ್ಲುತ್ತವೆ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಊರಿಗೆ ಘಟಕ ಬೇಕೇ ಬೇಕು, ಅನುಮಾನವಿಲ್ಲ. ಆದರೆ ವಾರಂಟಿ ಮುಗಿದ ಮೇಲೆ ನೀರು ಸೋಸುವ ಮೆಂಬ್ರೇನ್ ಬದಲಿಸುವವರು ಯಾರು, ಕರೆಂಟ್ ಬಿಲ್ ಯಾರದು, ಘಟಕ ನೋಡಿಕೊಳ್ಳುವವರ ಸಂಬಳ ಎಲ್ಲಿಂದ, ಹೊರಬರುವ ಉಪ್ಪುನೀರು ಎಲ್ಲಿಗೆ — ಈ ನಾಲ್ಕಕ್ಕೆ ಒಪ್ಪಂದದಲ್ಲಿ ಉತ್ತರವಿಲ್ಲದಿದ್ದರೆ ಬೇಡವೆನ್ನಿ. ಮೂರು ವರ್ಷದ ನಿರ್ವಹಣೆಯನ್ನೂ ಸೇರಿಸಿದರೆ ಮಾತ್ರ ಒಪ್ಪಿಕೊಳ್ಳಿ.

ವಿದೇಶಿ ನೆರವು?

ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು. ಸಂಸ್ಥೆಗೆ ಮೂರು ವರ್ಷವಾಗಿರಬೇಕು, ಆ ಮೂರು ವರ್ಷದಲ್ಲಿ ಉದ್ದೇಶಿತ ಕೆಲಸಕ್ಕೆ ಒಟ್ಟು ₹15 ಲಕ್ಷ ಖರ್ಚಾಗಿರಬೇಕು. ಹಣ ಬಂದಿಳಿಯುವುದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಗೆ ಮಾತ್ರ. 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು, ಒಂದು ಸಂಸ್ಥೆ ಇನ್ನೊಂದಕ್ಕೆ ವಿದೇಶಿ ಹಣ ದಾಟಿಸುವುದನ್ನು ನಿಲ್ಲಿಸಿತು. ಬೆಂಗಳೂರಿನ ದೊಡ್ಡ ಸಂಸ್ಥೆಗಳ ಮೂಲಕ ಹಣ ಪಡೆಯುತ್ತಿದ್ದ ತಾಲ್ಲೂಕು ಮಟ್ಟದ ಸಣ್ಣ ಸಂಸ್ಥೆಗಳಿಗೆ ಆ ದಾರಿ ಅಂದಿನಿಂದ ಮುಚ್ಚಿದೆ.

‘ಓವರ್‌ಹೆಡ್’ (ಆಡಳಿತದ ಖರ್ಚು) ಕಡಿಮೆ ಇದ್ದಷ್ಟೂ ಒಳ್ಳೆಯ ಸಂಸ್ಥೆ ಅಲ್ಲವೇ?

ಅಲ್ಲ. ಈ ನಂಬಿಕೆ ಸಣ್ಣ ಸಂಸ್ಥೆಗಳನ್ನು ಒಳಗಿನಿಂದ ತಿನ್ನುತ್ತಿದೆ.

ಲೆಕ್ಕ ಹಾಕಿ ನೋಡೋಣ. ಮುಳಬಾಗಿಲು ತಾಲ್ಲೂಕಿನ 20 ಶಾಲೆಗಳಲ್ಲಿ ಓದು–ಬರಹ ಕಲಿಸುವ ಯೋಜನೆ ಅಂದುಕೊಳ್ಳಿ. ಐವರು ಕಾರ್ಯಕರ್ತರಿಗೆ ತಿಂಗಳಿಗೆ ₹16,000ದಂತೆ ವರ್ಷಕ್ಕೆ ₹9,60,000. ಓಡಾಟಕ್ಕೆ ತಲಾ ₹2,000ದಂತೆ ₹1,20,000. ಶಾಲೆಗೆ ₹6,000ದ ಪುಸ್ತಕ, ₹1,20,000. ಒಟ್ಟು 12 ಲಕ್ಷ. ಇನ್ನು ಇಡೀ ಸಂಸ್ಥೆಗೆ ಸೇರಿದ ಖರ್ಚು: ಲೆಕ್ಕ ಬರೆಯುವವರಿಗೆ ₹2,16,000, ಬಾಡಿಗೆ ಮತ್ತು ಕರೆಂಟ್ ₹1,14,000, ಆಡಿಟ್ ₹40,000, ಇಂಟರ್‌ನೆಟ್ ಇತ್ಯಾದಿ ₹30,000; ಒಟ್ಟು 4 ಲಕ್ಷ. ಈ ಯೋಜನೆ ಸಂಸ್ಥೆಯ ಅರ್ಧ ಕೆಲಸವಾದರೆ ಅದರ ಪಾಲು 2 ಲಕ್ಷ, ನಿಜವಾದ ವೆಚ್ಚ 14 ಲಕ್ಷ. ದಾನಿ ‘ಶೇ. 5 ಮಾತ್ರ’ ಎಂದು ₹60,000 ಕೊಟ್ಟರೆ ₹1,40,000 ಕೊರತೆ. ಆಗ ಲೆಕ್ಕದವರನ್ನು ಅರ್ಧ ದಿನಕ್ಕೆ ಇಳಿಸುತ್ತಾರೆ, ವೋಚರುಗಳು ಗುಡ್ಡೆಯಾಗುತ್ತವೆ, ಹಣ ಬಳಕೆ ಪ್ರಮಾಣಪತ್ರ ತಡವಾಗುತ್ತದೆ, ಎರಡನೇ ಕಂತು ನಿಲ್ಲುತ್ತದೆ, ಕಾರ್ಯಕರ್ತರಿಗೆ ಮೂರು ತಿಂಗಳ ಸಂಬಳ ಬಾಕಿ, ತರಬೇತಿಯಾದ ಇಬ್ಬರು ಕೆಲಸ ಬಿಡುತ್ತಾರೆ. ಮಕ್ಕಳ ಓದು ನಿಂತದ್ದು ಎಲ್ಲಿಂದ ಎಂದು ಹಿಂದಕ್ಕೆ ನಡೆದರೆ ಬಜೆಟ್ಟಿನ ಆ ಒಂದು ಸಾಲು ಸಿಗುತ್ತದೆ.

ಸಿಎಸ್‌ಆರ್ ನಿಯಮದ ಶೇ. 5 ಮಿತಿ ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತದ ಖರ್ಚಿಗೆ ಹಾಕಿದ್ದು, ಯೋಜನೆ ನಡೆಸಲು ನಿಮಗೆ ತಗಲುವ ವೆಚ್ಚಕ್ಕಲ್ಲ. ಮಾತುಕತೆಯಲ್ಲಿ ಇದನ್ನು ವಿನಯದಿಂದ, ಗಟ್ಟಿಯಾಗಿ ಹೇಳಿ. ಬಜೆಟ್ಟಿನಲ್ಲಿ ‘ಇತರೆ’ ಎಂದು ಅಡಗಿಸದೆ ಲೆಕ್ಕದವರ ಸಂಬಳದ ಇಂತಿಷ್ಟು ಪಾಲು ಎಂದೇ ತೋರಿಸಿ. ಸಿಬ್ಬಂದಿ ಹತ್ತಾದರೆ ಇಎಸ್‌ಐ, ಗ್ರಾಚ್ಯುಟಿ, ಲೈಂಗಿಕ ಕಿರುಕುಳ ದೂರು ಸಮಿತಿ, ಇಪ್ಪತ್ತಾದರೆ ಪಿಎಫ್, ಇವನ್ನೂ ಸೇರಿಸಿ. ಹಳ್ಳಿ ಹಳ್ಳಿ ತಿರುಗುವ ಹೆಣ್ಣುಮಕ್ಕಳಿಗೆ ‘ಗೌರವಧನ’ ಎಂಬ ಹೆಸರಿನಲ್ಲಿ ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ಸೇವೆ ಎನ್ನುವುದನ್ನು ನಾವು ಒಪ್ಪುವುದಿಲ್ಲ.

ಲೆಕ್ಕದಲ್ಲಿ ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ?

ನಗದಿನಲ್ಲಿ. ಒಬ್ಬರಿಗೆ ಒಂದೇ ದಿನ ₹10,000 ಮೀರಿ ನಗದು ಕೊಟ್ಟರೆ ಅದು ಖರ್ಚಿನ ಲೆಕ್ಕಕ್ಕೆ ಬರುವುದಿಲ್ಲ. ₹2,000 ಮೀರಿದ ನಗದು ದಾನಕ್ಕೆ ದಾನಿಗೆ 80ಜಿ ಸಿಗುವುದಿಲ್ಲ. ಹೆಸರು, ವಿಳಾಸ ಇಲ್ಲದ ದಾನ ಒಂದು ಮಿತಿ ದಾಟಿದರೆ ಶೇ. 30 ತೆರಿಗೆ, ಹುಂಡಿ ಇಟ್ಟಿರುವ ಸೇವಾ ಸಂಸ್ಥೆಗಳು ನೆನಪಿಡಬೇಕು. 80ಜಿ ದಾನಿಗಳ ಪಟ್ಟಿಯನ್ನು, ಅಂದರೆ 10ಬಿಡಿಯನ್ನು, ಮೇ 31ರೊಳಗೆ ಸಲ್ಲಿಸದಿದ್ದರೆ ದಿನಕ್ಕೆ ₹200 ಶುಲ್ಕ, ಜೊತೆಗೆ ದಾನಿಗೆ ಪ್ರಮಾಣಪತ್ರವೂ ಇಲ್ಲ. ರಸೀದಿ ಬರೆಯುವಾಗಲೇ ಪ್ಯಾನ್ ಕೇಳಿ ಬರೆದುಕೊಳ್ಳಿ, ಮೇ ತಿಂಗಳಲ್ಲಿ ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ.

ಇನ್ನೊಂದು ಎಡವಟ್ಟು, ಒಂದು ಯೋಜನೆಯ ದುಡ್ಡಿನಿಂದ ಇನ್ನೊಂದರ ಸಂಬಳ ಕೊಡುವುದು. ಸರ್ಕಾರದ ಕಂತು ತಡವಾದಾಗ ಇದು ಸಹಜವೆನಿಸುತ್ತದೆ. ಆದರೆ ಆ ದುಡ್ಡಿಗೆ ಷರತ್ತಿದೆ. ಮೂರು ತಿಂಗಳ ಸಂಬಳದಷ್ಟು ಸ್ವಂತ ನಿಧಿ, ಊರಿನ ಸಣ್ಣ ದಾನಿಗಳಿಂದ ಷರತ್ತಿಲ್ಲದೆ ಬಂದದ್ದು, ಬೇರೆ ಖಾತೆಯಲ್ಲಿ ಇದ್ದರೆ ಮಾತ್ರ ಈ ಬಲೆಯಿಂದ ತಪ್ಪಿಸಿಕೊಳ್ಳಬಹುದು.

ನಾನು ಸಾವಿರ ರೂಪಾಯಿ ಕೊಡುವವನು. ಏನು ಕೇಳಬೇಕು?

80ಜಿ ಸಂಖ್ಯೆ ಕೇಳಿ, ಆದಾಯ ತೆರಿಗೆ ಜಾಲತಾಣದಲ್ಲಿ ನೋಡಿ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ನಿಮಗೆ ಆ ರಿಯಾಯಿತಿ ಇಲ್ಲ, ಆದರೂ ಸಂಖ್ಯೆ ಇದೆಯೇ ಎಂಬುದು ಸಂಸ್ಥೆಯ ಶಿಸ್ತಿನ ಗುರುತು. ಎರಡು ವರ್ಷದ ಆಡಿಟ್ ಆದ ಲೆಕ್ಕ ಕೇಳಿ. ‘ಮುಂಗಡ’ ಎಂಬ ತಲೆಬರಹದಲ್ಲಿ ವರ್ಷದಿಂದ ವರ್ಷಕ್ಕೆ ದೊಡ್ಡ ಮೊತ್ತ ಉಳಿದಿದ್ದರೆ ಯಾರಿಗೆ ಕೊಟ್ಟದ್ದೆಂದು ಕೇಳಿ. ಕಳೆದ ವರ್ಷ ಯಾವ ಕೆಲಸ ಕೈಗೂಡಲಿಲ್ಲ ಎಂದೂ ಕೇಳಿ. ನೇರ ಉತ್ತರ ಬಂದರೆ ಆ ಸಂಸ್ಥೆಯನ್ನು ನಾವಾದರೆ ನಂಬುತ್ತೇವೆ. ಮಗುವಿನ ಫೋಟೊ, ಕೃತಜ್ಞತೆಯ ವಿಡಿಯೊ ಕೇಳಬೇಡಿ.

ಸರ್ಕಾರದಿಂದ ಗಣನೀಯ ನೆರವು ಪಡೆಯುವ ಸಂಸ್ಥೆಗಳು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂಥ ಸಂಸ್ಥೆಗೆ ನೇರವಾಗಿಯೇ ಅರ್ಜಿ ಹಾಕಬಹುದು.

ಸಂಸ್ಥೆ ನಡೆಸಲು ಇನ್ನು ಆಗುತ್ತಿಲ್ಲ. ಸುಮ್ಮನೆ ಬಿಟ್ಟುಬಿಟ್ಟರೆ?

ಬಿಡಬೇಡಿ. ನಿಂತುಹೋದ ಸಂಸ್ಥೆಯ ಹೆಸರು, ಖಾಲಿ ರಸೀದಿ ಪುಸ್ತಕ, ಚಾಲ್ತಿಯಲ್ಲಿರುವ ಖಾತೆ ಬೇರೆಯವರ ಕೈಗೆ ಸಿಕ್ಕಿದರೆ ಸಹಿ ಮಾತ್ರ ನಿಮ್ಮದಾಗಿ ಉಳಿಯುತ್ತದೆ. ಮೊದಲು ಆಡಿಟರ್ ಜೊತೆ ಕೂತು ಬಾಕಿ ರಿಟರ್ನುಗಳನ್ನು ಸಲ್ಲಿಸಿ. ಸಿಬ್ಬಂದಿಯ ಬಾಕಿ ಸಂಬಳ, ಗ್ರಾಚ್ಯುಟಿ ತೀರಿಸಿ. ದಾನಿಗಳ ಖರ್ಚಾಗದ ಹಣ ಹಿಂದಿರುಗಿಸಿ ಅಥವಾ ಲಿಖಿತ ಒಪ್ಪಿಗೆ ಪಡೆದು ವರ್ಗಾಯಿಸಿ. ಬೈಲಾದಲ್ಲಿ ಹೇಳಿದಷ್ಟು ಬಹುಮತದ ಠರಾವು ಮಾಡಿ, ಉಳಿದ ಆಸ್ತಿಯನ್ನು 12ಎ ಇರುವ, ಇಂಥದೇ ಉದ್ದೇಶದ ಸಂಸ್ಥೆಗೆ ಕೊಡಿ. ಉಳಿದ ರಸೀದಿ ಪುಸ್ತಕಗಳಿಗೆ ‘ರದ್ದು’ ಎಂದು ಬರೆದು ನಡಾವಳಿಯಲ್ಲಿ ಸಂಖ್ಯೆ ಸಹಿತ ದಾಖಲಿಸಿ, ಕಡೆಗೆ ಖಾತೆ ಮುಚ್ಚಿ. ಲೆಕ್ಕಪುಸ್ತಕಗಳನ್ನು ಹತ್ತು ವರ್ಷ ಕಾಪಾಡಬೇಕು. ಯಾರ ಮನೆಯಲ್ಲಿ ಇರುತ್ತವೆ ಎಂಬುದನ್ನೂ ಆ ಕೊನೆಯ ಠರಾವಿನಲ್ಲೇ ಬರೆಯಿರಿ.